ಇಷ್ಟೊಂದು ಯೋಜನೆ ಬಂದರೂ ಹಳ್ಳಿಯ ಬಡತನ ಯಾಕೆ ಹೋಗಲ್ಲ?

ಇಷ್ಟು ದುಡ್ಡು ಸುರಿದರೂ ಹಳ್ಳಿಯ ಬಡವರು ಇದ್ದಲ್ಲೇ ಇದ್ದಾರಲ್ಲ, ದುಡ್ಡು ತಿಂದವರು ಯಾರು ಅಂತ ಕೇಳಿದ್ದೀರಿ. ತಿನ್ನುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಯಾರೂ ಕದಿಯದೆ, ಒಳ್ಳೆ ಮನಸ್ಸಿನಿಂದಲೇ ಮಾಡಿ ಹಾಳಾದ ಯೋಜನೆಗಳ ಬಗ್ಗೆ ನನಗೆ ಕುತೂಹಲ ಜಾಸ್ತಿ.

ಪ್ಲೇಪಂಪ್ ಅಂತ ಒಂದಿತ್ತು. ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿದ್ದು. ಮಕ್ಕಳು ಹತ್ತಿ ಗಿರಗಿರ ಸುತ್ತುವ ಆಟದ ಚಕ್ರ. ಅದು ಸುತ್ತಿದಂತೆ ನೆಲದಡಿಯ ನೀರು ಮೇಲಿನ ಟ್ಯಾಂಕಿಗೆ ಏರಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ? 2006ರಲ್ಲಿ ಅಮೆರಿಕ ಸರ್ಕಾರ ಮತ್ತು ದಾನಿಗಳು ಸೇರಿ 1.64 ಕೋಟಿ ಡಾಲರ್ ಘೋಷಿಸಿದರು. 2010ರೊಳಗೆ 4,000 ಪಂಪ್ ಹಾಕುವ ಗುರಿ. ಆದರೆ ಮನೆಗೆ ನೀರು ಬೇಕಾದ ಹೊತ್ತಿಗೇ ಮಕ್ಕಳಿಗೆ ಆಡಬೇಕು ಅನಿಸಬೇಕಲ್ಲ! ಕೊನೆಗೆ ಆ ಚಕ್ರವನ್ನು ಬಗ್ಗಿ ತಳ್ಳಿದವರು ಹೆಂಗಸರು. ಅದಕ್ಕಿಂತ ಹಳೇ ಕೈಪಂಪೇ ಹಗುರ ಇತ್ತು. ಹೇಳಿಕೊಂಡಷ್ಟು ಜನಕ್ಕೆ ಕನಿಷ್ಠ ನೀರು ಸಿಗಬೇಕಾದರೂ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಎಂದು 2009ರಲ್ಲಿ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು.

ಬಡವರ ಹೊತ್ತು ಪುಕ್ಕಟೆ ಅಂದುಕೊಳ್ಳುವುದೇ ದೊಡ್ಡ ತೊಂದರೆ ಅನ್ನುವುದು ನನ್ನ ಅಭಿಪ್ರಾಯ. ದಿನಗೂಲಿಯವರು ಒಂದು ಸಹಿಗಾಗಿ ಪಟ್ಟಣಕ್ಕೆ ಹೋದರೆ ಅಂದಿನ ಕೂಲಿ ಹೋಯಿತು. ಬಸ್ ಚಾರ್ಜ್ ಬೇರೆ. ‘ಸಾಹೇಬರು ಇಲ್ಲ, ನಾಳೆ ಬಾ’ ಅಂದರೆ ನಾಳೆಯ ಕೂಲಿಯೂ ಹೋಯಿತು. ಆ ವಾರದ ಖರ್ಚಿಗೆ ಮತ್ತೆ ಕೈಸಾಲ. ಬರುವ ಸಹಾಯಧನಕ್ಕಿಂತ ಕಳೆದುಕೊಂಡಿದ್ದೇ ಜಾಸ್ತಿ ಆದಾಗ ಜನ ಸುಮ್ನೆ ಕೈಬಿಡುತ್ತಾರೆ. ಆಮೇಲೆ ‘ಫಲಾನುಭವಿಗಳಿಗೆ ಆಸಕ್ತಿ ಇಲ್ಲ’ ಅಂತ ಕಡತದಲ್ಲಿ ಬರೆಯುತ್ತಾರೆ. ತರಬೇತಿ ಶಿಬಿರಗಳದ್ದೂ ಇದೇ ಕತೆ. ಕೊಯ್ಲು ಜೋರಾಗಿ ನಡೆಯುವಾಗಲೇ ಕರೆಯುತ್ತಾರೆ, ಯಾಕೆಂದರೆ ಅನುದಾನ ಖರ್ಚು ಮಾಡುವ ಗಡುವು ಹತ್ತಿರ ಬಂದಿರುತ್ತದೆ.

ಎಲ್ಲವೂ ಸೋತಿಲ್ಲ. ಮೆಕ್ಸಿಕೋದಲ್ಲಿ 1997ರಲ್ಲಿ ಪ್ರೊಗ್ರೆಸಾ ಶುರುವಾಯಿತು. ಮಕ್ಕಳನ್ನು ಶಾಲೆಗೆ ಕಳಿಸಿ, ಆರೋಗ್ಯ ತಪಾಸಣೆ ಮಾಡಿಸಿದರೆ ತಾಯಂದಿರ ಕೈಗೇ ದುಡ್ಡು. ಶಾಲೆಗೆ ಹೋಗುವ ಮಕ್ಕಳು, ಅದರಲ್ಲೂ ಹೈಸ್ಕೂಲು ಮಟ್ಟದ ಹೆಣ್ಣುಮಕ್ಕಳು, ನಿಜಕ್ಕೂ ಹೆಚ್ಚಿದರು. ಇಷ್ಟು ಹೊಗಳಿಸಿಕೊಂಡ ಯೋಜನೆಯಲ್ಲೂ ಸಭೆಗೆ, ಆಸ್ಪತ್ರೆಗೆ ಓಡಾಡಿದ್ದು ಅಮ್ಮಂದಿರೇ. ಆ ಓಡಾಟಕ್ಕೆ ಬೇರೆ ಕೂಲಿ ಇರಲಿಲ್ಲ.