ಜರ್ಮನಿಯಲ್ಲಿ ಮಗಳ ವೃತ್ತಿ ತರಬೇತಿ: ದಾವಣಗೆರೆಯ ಪೋಷಕರೊಬ್ಬರಿಗೆ ಉತ್ತರ

ನಮಸ್ಕಾರ. ಎರಡು ವರ್ಷದ ಹಿಂದೆ ದಾವಣಗೆರೆಯಿಂದ ಸ್ಟುಟ್‌ಗಾರ್ಟ್‌ಗೆ ಬಂದಿರುವ ತಾವು, ರೆಯಾಲ್‌ಶೂಲೆಯ (ಹತ್ತನೇ ತರಗತಿವರೆಗಿನ ಮಧ್ಯಮ ಹಂತದ ಶಾಲೆ) ಒಂಬತ್ತನೇ ತರಗತಿಯಲ್ಲಿರುವ ಮಗಳಿಗೆ ಶಿಕ್ಷಕಿಯು ಔಸ್‌ಬಿಲ್ಡುಂಗ್, ಅಂದರೆ ವೃತ್ತಿ ತರಬೇತಿ, ಸೂಚಿಸಿದ್ದಾರೆಂದೂ, ಅದರಲ್ಲಿಯೂ ವೈದ್ಯರ ಕ್ಲಿನಿಕ್ಕಿನ ಸಹಾಯಕಿಯ ತರಬೇತಿಯನ್ನೇ ಹೇಳಿದ್ದಾರೆಂದೂ ಬರೆದಿದ್ದೀರಿ. ಇದು ಅವಳ ಆಸಕ್ತಿ ನೋಡಿ ಕೊಟ್ಟ ಸಲಹೆಯೋ, ನಮ್ಮ ಹಿನ್ನೆಲೆ ನೋಡಿ ಕೊಟ್ಟ ಸಲಹೆಯೋ ಎಂಬುದು ತಮ್ಮ ಪ್ರಶ್ನೆ. ಆ ಶಿಕ್ಷಕಿಯ ಮನಸ್ಸಿನಲ್ಲಿದ್ದುದನ್ನು ನಾನು ಹೇಳಲಾರೆ. ಆದರೆ ಇಲ್ಲಿ ಮಕ್ಕಳು ತಾವೇ ಆರಿಸಿಕೊಂಡರೆಂದು ಕಾಣುವ ವೃತ್ತಿಯ ಹಿಂದೆ ಹಿನ್ನೆಲೆಯ ಕೈ ದೊಡ್ಡದಾಗಿಯೇ ಇರುತ್ತದೆ.

ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿಯಲ್ಲಿ, ಉಳಿದ ದಿನ ವೃತ್ತಿಶಾಲೆಯಲ್ಲಿ ಕಲಿಯುವ ಈ ಪದ್ಧತಿಯಲ್ಲಿ ಮುನ್ನೂರಕ್ಕೂ ಹೆಚ್ಚು ವೃತ್ತಿಗಳಿವೆ. ಹೆಚ್ಚಿನವು ಮೂರು ಅಥವಾ ಮೂರೂವರೆ ವರ್ಷದವು. 2020ರಿಂದ ಕಲಿಯುವವರಿಗೆ ಕನಿಷ್ಠ ವೇತನವೂ ಕಾನೂನಿನಲ್ಲಿ ನಿಗದಿಯಾಗಿದೆ. ಕಾನೂನಿನ ಪ್ರಕಾರ ಇವಕ್ಕೆ ಇಂತಹದೇ ಶಾಲಾ ಪ್ರಮಾಣಪತ್ರ ಬೇಕೆಂಬ ಷರತ್ತಿಲ್ಲ. ವಾಸ್ತವದಲ್ಲಿ ಮಾತ್ರ, ಬ್ಯಾಂಕು ಮತ್ತು ಸಾಫ್ಟ್‌ವೇರ್ ವಿಭಾಗದ ಸ್ಥಾನಗಳು ಬಹುಪಾಲು ವಿಶ್ವವಿದ್ಯಾಲಯಕ್ಕೆ ಅಣಿಗೊಳಿಸುವ ಗಿಮ್ನಾಸಿಯುಮ್ ಶಾಲೆಯ ಅಥವಾ ಒಳ್ಳೆಯ ಅಂಕದ ರೆಯಾಲ್‌ಶೂಲೆಯ ಮಕ್ಕಳಿಗೆ ಹೋಗುತ್ತವೆ. ಬೇಕರಿ, ಕ್ಷೌರ, ಮಾಂಸದ ಅಂಗಡಿಯ ಮಾರಾಟ ಮೊದಲಾದವು ಕೆಳಹಂತದ ಶಾಲೆಯಾದ ಹೌಪ್ಟ್‌ಶೂಲೆಯಿಂದ ಬಂದವರಿಗೆ ಉಳಿಯುತ್ತವೆ. ಮಕ್ಕಳು ಯಾವ ಶಾಲೆಗೆ ಸೇರುತ್ತಾರೆ ಎಂಬುದು ನಾಲ್ಕನೇ ತರಗತಿಯ ಕೊನೆಗೇ ತೀರ್ಮಾನವಾಗುವುದರಿಂದ, ತಂದೆತಾಯಿಯ ಓದು ಮತ್ತು ಮನೆಯಲ್ಲಿ ಆಡುವ ಜರ್ಮನ್ ಭಾಷೆ ಆಗಲೇ ತಮ್ಮ ಕೆಲಸ ಮಾಡಿರುತ್ತವೆ.

ಇದರ ಮೇಲೆ ಹೆಣ್ಣು ಗಂಡೆಂಬ ಭೇದ. ಹುಡುಗಿಯರು ಹೆಚ್ಚಾಗಿ ಸೇರುವುದು ಕ್ಲಿನಿಕ್ ಸಹಾಯಕಿ, ದಂತವೈದ್ಯರ ಸಹಾಯಕಿ ಮತ್ತು ಕಚೇರಿ ನಿರ್ವಹಣೆಗೆ; ಹುಡುಗರು ಕಾರು ಮೆಕಾಟ್ರಾನಿಕ್ಸ್, ಎಲೆಕ್ಟ್ರಾನಿಕ್ಸ್ ಮತ್ತು ಹೀಟಿಂಗ್ ಕೆಲಸಕ್ಕೆ. ತಮ್ಮ ಮಗಳಿಗೆ ಬಂದ ಸಲಹೆ ಈ ಹಳೆಯ ಜಾಡಿನಲ್ಲೇ ಇದೆ. ಕ್ಲಿನಿಕ್ಕಿನ ಕೆಲಸವನ್ನು ನಾನು ಕೀಳೆಂದು ಎಣಿಸುವುದಿಲ್ಲ. ಆದರೆ ಸ್ಟುಟ್‌ಗಾರ್ಟಿನ ಲೋಹೋದ್ಯಮದಲ್ಲಿ ತರಬೇತಿಯ ವೇತನವೂ ಮುಂದಿನ ಸಂಬಳವೂ ಅದಕ್ಕಿಂತ ಹೆಚ್ಚೆಂಬುದನ್ನು ಅವಳು ತಿಳಿದು ಆರಿಸಲಿ.

ಹೆಸರಿನ ವಿಷಯವೂ ಇದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಮಾನ ಅರ್ಹತೆಯ ಅರ್ಜಿಗಳನ್ನು ಜರ್ಮನ್ ಮತ್ತು ಟರ್ಕಿಶ್ ಹೆಸರಿನಲ್ಲಿ ಕಳುಹಿಸಿದಾಗ, ಟರ್ಕಿಶ್ ಹೆಸರಿನವರಿಗೆ ಸಂದರ್ಶನದ ಕರೆ ಕಡಿಮೆ ಬಂದಿತ್ತು. ಈ ಅಂತರ ಸಣ್ಣ ಕಂಪನಿಗಳಲ್ಲಿಯೇ ಹೆಚ್ಚು. ಸಣ್ಣ ವರ್ಕ್‌ಶಾಪುಗಳಲ್ಲಿ ಸ್ಥಾನ ಖಾಲಿಯಿರುವುದು ಗೊತ್ತಾಗುವುದೇ ಫುಟ್‌ಬಾಲ್ ಕ್ಲಬ್ಬಿನಲ್ಲಿಯೋ ಅಗ್ನಿಶಾಮಕ ಸ್ವಯಂಸೇವಕರ ಕೂಟದಲ್ಲಿಯೋ ಆಡುವ ಮಾತಿನಿಂದ. ನಮಗೆ ಅಂತಹ ಬಳಕೆ ಇರುವುದಿಲ್ಲ.

ಆ ಕೊರತೆಯನ್ನು ತುಂಬುವುದು ಪ್ರಾಕ್ಟಿಕುಮ್, ಅಂದರೆ ಶಾಲೆಯ ವತಿಯಿಂದ ಕಂಪನಿಯಲ್ಲಿ ಕಳೆಯುವ ಒಂದೆರಡು ವಾರ. ಪರಿಚಿತ ಭಾರತೀಯರ ಐಟಿ ಕಚೇರಿಯಲ್ಲಿ ಅದನ್ನು ಮುಗಿಸಿಬಿಡುವುದು ನಮ್ಮವರ ವಾಡಿಕೆ. ಅಲ್ಲಿ ಹುಡುಗಿಗೆ ಕುರ್ಚಿಯೂ ಕಾಫಿಯೂ ಸಿಗುತ್ತವೆ, ಕೆಲಸ ಸಿಗುವುದಿಲ್ಲ. ಬದಲಿಗೆ ಲೇತ್ ಓಡುವ ಕಡೆ ಅವಳು ಸುರಕ್ಷತಾ ಬೂಟು ಹಾಕಿಕೊಂಡು, ನಕ್ಷೆ ನೋಡಿ ಒಂದು ತುಂಡು ಅಲ್ಯೂಮಿನಿಯಂ ಉಜ್ಜಿ, ವರ್ನಿಯರ್ ಹಿಡಿದು ಅಳೆಯಲಿ. ಅವಳನ್ನು ಒಮ್ಮೆ ನೋಡಿದ ಮೇಸ್ತ್ರಿಗೆ ಮುಂದೆ ಬರುವ ಅರ್ಜಿಯ ಹೆಸರು ಅಪರಿಚಿತವಾಗಿರುವುದಿಲ್ಲ. ಏಪ್ರಿಲ್‌ನಲ್ಲಿ ಬರುವ ಗರ್ಲ್ಸ್ ಡೇ (ಹುಡುಗಿಯರು ತಾಂತ್ರಿಕ ಕೆಲಸಗಳನ್ನು ನೋಡಿಬರುವ ದಿನ) ಕೂಡ ಇದಕ್ಕೆಂದೇ 2001ರಿಂದ ನಡೆಯುತ್ತಿದೆ.

ಐಟಿಐ ಎಂದರೆ ಅಂಕ ಬಾರದವರ ಪಾಲು ಎಂಬ ಊರಿನ ಲೆಕ್ಕವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಕಲಿತು ಮೈಸ್ಟರ್ (ನುರಿತ ಕುಶಲಕರ್ಮಿ) ಪರೀಕ್ಷೆ ಮುಗಿಸಿದವರಿಗೆ ವಿಶ್ವವಿದ್ಯಾಲಯವೂ ತೆರೆದಿದೆ. ಅಂಕ ಚೆನ್ನಾಗಿದ್ದರೆ, ಹತ್ತನೇ ತರಗತಿಯ ನಂತರ ಮೂರು ವರ್ಷದ ವೃತ್ತಿಪರ ಗಿಮ್ನಾಸಿಯುಮ್ ಸೇರಿ ತಾಂತ್ರಿಕ ವಿಷಯದೊಂದಿಗೆ ಅಬಿಟೂರ್ (ವಿಶ್ವವಿದ್ಯಾಲಯ ಪ್ರವೇಶದ ಅರ್ಹತೆ ಕೊಡುವ ಶಾಲಾ ಪರೀಕ್ಷೆ) ಮಾಡುವ ದಾರಿಯೂ ಇದೆ. ಶಿಕ್ಷಕಿ ಅದನ್ನು ಹೇಳದಿದ್ದರೆ ತಾವೇ ಕೇಳಿ. ಉದ್ಯೋಗ ಇಲಾಖೆಯ ವೃತ್ತಿ ಸಲಹೆ ಉಚಿತ, ಮಗಳನ್ನೂ ಕರೆದುಕೊಂಡು ಹೋಗಿ. ದೊಡ್ಡ ಕಂಪನಿಗಳು ಸೆಪ್ಟೆಂಬರ್‌ನಲ್ಲಿ ಶುರುವಾಗುವ ತರಬೇತಿಗೆ ಸುಮಾರು ಒಂದು ವರ್ಷ ಮೊದಲೇ ಅರ್ಜಿ ತೆಗೆದುಕೊಳ್ಳುವುದರಿಂದ, ಅವಳು ಹತ್ತನೇ ತರಗತಿಗೆ ಕಾಲಿಡುವ ಹೊತ್ತಿಗೆ ಅಂಕಪಟ್ಟಿ, ಸ್ವವಿವರ ಮತ್ತು ಪ್ರಾಕ್ಟಿಕುಮ್ ಪತ್ರ ಸಿದ್ಧವಾಗಿರಬೇಕು.