ಅಮ್ಮನ ಹೆಸರು, ನಾದಿನಿಯ ನಾಯಿ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂತು. ಬರೆದ ಹೆಣ್ಣುಮಗಳ ಮೇಲಲ್ಲ, ಅವರ ಚಿಕ್ಕಮಾವನ ಮೇಲೆ. ಅದಕ್ಕೇ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಇದನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಸಂಗತಿ ಇಷ್ಟು. ಬರೆದವರು ಮಂಡ್ಯದಲ್ಲಿದ್ದಾರೆ. ಎರಡು ತಿಂಗಳ ಹಿಂದೆ ಹೆಣ್ಣು ಮಗು ಹುಟ್ಟಿದೆ. ಅದಕ್ಕೆ ಗೌರಿ ಎಂದು ಹೆಸರಿಡುವ ಆಸೆ. ತೀರಿಕೊಂಡ ಅಮ್ಮನ ಹೆಸರು ಗೌರಮ್ಮ. ಮಗುವಿನದು ಧನಿಷ್ಠಾ ನಕ್ಷತ್ರ, ಹಾಗಾಗಿ 'ಗ' ಅಕ್ಷರಕ್ಕೆ ಜೋಯಿಸರದ್ದೂ ತಕರಾರಿಲ್ಲ. ತಕರಾರು ಬಂದಿರುವುದು ಬೆಂಗಳೂರಿನಲ್ಲಿರುವ ನಾದಿನಿಯ ನಾಯಿಯಿಂದ. ಅದರ ಹೆಸರೂ ಗೌರಿ. ಏಳು ವರ್ಷದ ಹಿಂದೆ ಗೌರಿ ಹಬ್ಬದ ದಿನ ಮಳೆಯಲ್ಲಿ ನೆಂದು ಗೇಟಿನ ಹತ್ತಿರ ನಡುಗುತ್ತಿದ್ದ ಬೀದಿ ಮರಿಯಂತೆ ಅದು. ನಾದಿನಿ ಒಳಗೆ ಕರೆದುಕೊಂಡರು, ಹಬ್ಬದ ಹೆಸರನ್ನೇ ಇಟ್ಟರು.

ಮಗುವಿನ ಹೆಸರಿನ ವಿಷಯ ಮನೆಯವರ ವಾಟ್ಸಾಪ್ ಗುಂಪಿಗೆ ಬಿದ್ದಿದ್ದೇ ತಡ, ಚಿಕ್ಕಮಾವ, "ಮಗೂಗೆ ಹಾಲು ಕೊಡ್ತೀರೋ, ಬಿಸ್ಕೆಟ್ ಎಸೀತೀರೋ?" ಎಂದು ಬರೆದರು. ಕೆಳಗೆ ಸಾಲಾಗಿ ನಗುವ ಮುಖಗಳು. ಆಮೇಲೆ ಒಬ್ಬರು ಮಗುವಿಗೆ ಬೇರೆ ಹೆಸರು ನೋಡಿ ಅಂದರು. ಇನ್ನೊಬ್ಬರು ನಾಯಿಯನ್ನೇ ಇನ್ನು ಮುಂದೆ ಜೂಲಿ ಅಂತ ಕರೆದರಾಯ್ತು ಅಂದರು. ಗುಂಪಿನಲ್ಲೇ ವೋಟಿಂಗ್ ನಡೆದು 'ಗೌರಿಷಾ' ಎಂಬ ಹೆಸರು ಗೆದ್ದಿದೆ. ಗಂಡ "ನಿನ್ನಿಷ್ಟ" ಎನ್ನುತ್ತಾರೆ. "ನಾನೇ ಹಟ ಮಾಡ್ತಿದ್ದೀನಾ?" ಎಂದು ಕೇಳಿ ಪತ್ರ ಮುಗಿಸಿದ್ದಾರೆ.

ಮುಗಿಸುವ ಮುಂಚೆ ಕಂಸದೊಳಗೆ ಒಂದು ಮಾತು ಬರೆದಿದ್ದಾರೆ. ನಿಜವಾದ ಪತ್ರ ಅದೇ. "(ಅಮ್ಮನಿಗೆ ಈ ನಾಯಿ ಗೊತ್ತಿತ್ತು. ನಾದಿನಿ ಮನೆಗೆ ಹೋದಾಗಲೆಲ್ಲ 'ಬಾರೇ ನನ್ನ ಹೆಸರಿನೋಳೇ' ಅಂತ ಕರೆದು ಚಪಾತಿ ಹಾಕ್ತಿದ್ರು.)"

ಅಲ್ಲಮ್ಮಾ, ಇದನ್ನು ಕಂಸದೊಳಗೆ ಯಾಕೆ ಬಚ್ಚಿಟ್ಟಿರಿ? ಗೌರಮ್ಮನವರು ತಮ್ಮ ಹೆಸರು ನಾಯಿಗೆ ಹೋಗಿದ್ದನ್ನು ಕಣ್ಣಾರೆ ಕಂಡವರು. ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರು ಹಂಚಿಕೊಂಡವಳು ಅಂತ ಅದಕ್ಕೆ ಚಪಾತಿ ಹಾಕಿದರು. ಹೆಸರಿನ ಒಡತಿಗೇ ಆಗದ ಅವಮಾನ ಚಿಕ್ಕಮಾವನಿಗೆ ಎಲ್ಲಿಂದ ಬಂತು?

ಅವರ ಜೋಕನ್ನು ಸ್ವಲ್ಪ ಬಿಡಿಸಿ ನೋಡೋಣ. ಅದೇ ಹೆಸರಿನ ಹಸು ನಾದಿನಿ ಮನೆಯಲ್ಲಿ ಇದ್ದಿದ್ದರೆ ಅವರು ಬಾಯಿ ಬಿಡುತ್ತಿರಲಿಲ್ಲ. ನಮ್ಮ ಕೊಟ್ಟಿಗೆಗಳಲ್ಲಿ ಗೌರಿ, ಗಂಗೆ, ಲಕ್ಷ್ಮಿ, ತುಳಸಿ ಎಲ್ಲರೂ ಇದ್ದಾರೆ. ಗೋವಿನ ಹಾಡಿನ ಕಾಳಿಂಗನೂ ದನಗಳನ್ನು ಗಂಗೆ, ಗೌರಿ ಎಂದೇ ಕರೆಯುತ್ತಾನೆ. ಎತ್ತಿಗೆ ಬಸವ ಅನ್ನುತ್ತೇವೆ, ಮಗನಿಗೆ ಬಸವರಾಜ ಅಂತ ಇಡುತ್ತೇವೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಮಂಡ್ಯದಿಂದ ಒಂದು ತಾಸು ದೂರದ ಮೈಸೂರಿನಲ್ಲಿ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಆನೆ ಅರ್ಜುನ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆಯ ಜೊತೆ ಕಾದಾಡಿ ಅದು ಸತ್ತಾಗ ಜನ ಮನೆಯವರೇ ಹೋದಂತೆ ಅತ್ತರು. ಅರ್ಜುನ ಅನ್ನುವ ಹುಡುಗರನ್ನು ಆನೆ ಹೆಸರಿನವನು ಅಂತ ಯಾರಾದರೂ ಆಡಿಕೊಂಡರಾ?

ಹಾಗಾದರೆ ತೊಂದರೆ ಪ್ರಾಣಿಯ ಹೆಸರು ಮಗುವಿಗೆ ಬಂತು ಅನ್ನುವುದಲ್ಲ. ನಾಯಿ ಅನ್ನುವುದು ನಮ್ಮ ಬಾಯಲ್ಲಿ ಬೈಗುಳ ಆಗಿದೆ, ಅಷ್ಟೇ. ಅದರಲ್ಲೂ ಇದು ಜಾತಿ ನಾಯಿ ಕೂಡ ಅಲ್ಲ, ಬೀದಿಯಿಂದ ಬಂದದ್ದು. ಲ್ಯಾಬ್ರಡಾರ್ ಆಗಿದ್ದರೆ ಚಿಕ್ಕಮಾವನವರ ಜೋಕು ಇನ್ನೂ ಸ್ವಲ್ಪ ಮೆತ್ತಗಿರುತ್ತಿತ್ತು ಅಂತ ನನ್ನ ಅನುಮಾನ.

ಅವರು ಮದ್ದೂರಿನವರು ಅಂತ ಬರೆದಿದ್ದೀರಿ. ಅಲ್ಲೇ ನನಗೆ ಜಾಸ್ತಿ ಸಿಟ್ಟು ಬಂದದ್ದು. ಮದ್ದೂರು ತಾಲೂಕಿನಲ್ಲಿ ಆತಕೂರು ಅಂತ ಒಂದು ಊರಿದೆ. ಸುಮಾರು ಕ್ರಿ.ಶ. 950ರಲ್ಲಿ ಅಲ್ಲಿ ಒಂದು ಕಲ್ಲು ನೆಟ್ಟರು. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ನಡೆದಾಗ ಗಂಗರ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ದೊರೆ ಮೆಚ್ಚಿ, ಏನು ಬೇಕೋ ಕೇಳು ಅಂದ. ಈ ಪುಣ್ಯಾತ್ಮ ಕೇಳಿದ್ದು ದೊರೆಯ ಬೇಟೆನಾಯಿಯನ್ನು! ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಸತ್ತವು. ಮಣಲೇರ ಅದಕ್ಕೆ ವೀರಗಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಎಂದೂ ಕೆತ್ತಿಸಿದ. ಆ ನಾಯಿಯ ಹೆಸರು ಏನು ಗೊತ್ತಾ? ಕಾಳಿ.

ದೇವಿಯ ಹೆಸರೇ. ನಿಮ್ಮ ನಾದಿನಿ ಗೌರಿ ಅಂತ ಇಡುವುದಕ್ಕೆ ಸಾವಿರ ವರ್ಷಕ್ಕೂ ಮುಂಚೆ, ನಿಮ್ಮ ಜಿಲ್ಲೆಯಲ್ಲೇ ಇಟ್ಟದ್ದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಕಸ್ತೂರಬಾ ರಸ್ತೆಯಲ್ಲಿ. ನಾಯಿ ಮತ್ತು ಹಂದಿ ಎದುರುಬದುರಾಗಿ ನಿಂತ ಚಿತ್ರ ಅದರ ಮೇಲೆ ಕೆತ್ತಿದೆ. ಚಿಕ್ಕಮಾವ ಯಾವತ್ತಾದರೂ ಬೆಂಗಳೂರಿಗೆ ಹೋದಾಗ ನೋಡಿಕೊಂಡು ಬರಲಿ.

ಹಾಗಂತ ಕಷ್ಟವೇ ಇಲ್ಲ ಎನ್ನಲಾರೆ. ನಾಯಿ ನಿಮ್ಮ ಮನೆಯಲ್ಲೇ ಇದ್ದಿದ್ದರೆ, ದಿನಕ್ಕೆ ಹತ್ತು ಸಲ "ಗೌರಿ, ಸೋಫಾದಿಂದ ಇಳಿ", "ಗೌರಿ, ಚಪ್ಪಲಿ ಬಿಡು" ಅಂತ ಕೂಗಾಡುವ ಹಾಗಿದ್ದರೆ, ನಾನೂ ಎರಡು ಸಲ ಯೋಚಿಸಿ ಅನ್ನುತ್ತಿದ್ದೆ. ಮಾತು ಕಲಿಯುವ ಕೂಸಿಗೆ ತನ್ನ ಹೆಸರು ಯಾವಾಗಲೂ ಬೈಗುಳದ ದನಿಯಲ್ಲಿ ಕೇಳಿಸಬಾರದು. ನಿಮ್ಮದು ಹಾಗಲ್ಲವಲ್ಲ. ನಾಯಿ ಬೆಂಗಳೂರಿನಲ್ಲಿ, ಮಗು ಮಂಡ್ಯದಲ್ಲಿ. ಇಬ್ಬರೂ ಎದುರಾಗುವುದು ಹಬ್ಬಕ್ಕೋ ಮದುವೆಗೋ. ಅದೂ ಅಲ್ಲದೆ ಇನ್ನು ಎರಡು ಮೂರು ವರ್ಷ ನಿಮ್ಮ ಮಗಳನ್ನು ಯಾರೂ ಗೌರಿ ಅಂತ ಕರೆಯುವುದಿಲ್ಲ. ಪುಟ್ಟಿ, ಬಂಗಾರಿ, ಚಿನ್ನು ಅಂತಲೇ ಕಾಲ ಕಳೆಯುತ್ತೆ. ಶಾಲೆಯಲ್ಲಿ ಆಡಿಕೊಳ್ಳುತ್ತಾರೆ ಅನ್ನುವ ಹೆದರಿಕೆಯನ್ನೂ ಬರೆದಿದ್ದೀರಿ. ಬೆಂಗಳೂರಿನ ನಾಯಿಯ ಹೆಸರು ಮಂಡ್ಯದ ಎಲ್‌ಕೆಜಿ ಮಕ್ಕಳಿಗೆ ಗೊತ್ತಾಗುವುದಾದರೂ ಹೇಗೆ? ಚಿಕ್ಕಮಾವನೇ ಹೋಗಿ ಹೇಳಬೇಕು.

ಇನ್ನು ಜೂಲಿ. ಏಳು ವರ್ಷ ಒಂದೇ ಹೆಸರಿಗೆ ಓಡಿ ಬಂದ ಪ್ರಾಣಿಯನ್ನು ಈಗ ಬೇರೆ ಹೆಸರಿನಿಂದ ಕರೆಯಿರಿ ಅಂದವರು ಯಾರೋ, ಅವರು ನಾಯಿ ಸಾಕಿದವರಲ್ಲ. ಕಲಿಸಿದರೆ ಕಲಿಯುತ್ತೆ, ನಿಜ. ಯಾಕೆ ಕಲಿಯಬೇಕು? ಆ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ. ಗೌರಿಷಾ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೇಳಿದರೆ ಜಾಸ್ತಿಯಾಗುತ್ತೆ.

ಈ ಅಂಕಣ ಓದುವವರಿಗೆ ಮುಂದಿನ ಮಾತು ಹಳೆಯದು, ಆದರೂ ಬಿಡುವ ಹಾಗಿಲ್ಲ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಯಾವ ಪ್ರಶ್ನೆಯನ್ನೂ ಕೇಳಬೇಡಿ. ಊಟಕ್ಕೆ ಎಷ್ಟು ಜನ ಅನ್ನುವುದನ್ನು ಕೂಡ. ಮಗುವಿನ ಹೆಸರಿಗೆ ಮತ ಹಾಕುವ ಹಕ್ಕು ಇರುವುದು ಮಧ್ಯರಾತ್ರಿ ಅದಕ್ಕೆ ಬಟ್ಟೆ ಬದಲಿಸುವವರಿಗೆ. ಹಾಗೆ ನೋಡಿದರೆ ನಿಮ್ಮ ಗಂಡನಿಗೂ ಒಂದು ಮತ ಇದೆ. ಅವರು ಅದನ್ನು ಹಾಕದೆ "ನಿನ್ನಿಷ್ಟ" ಅಂದುಬಿಟ್ಟಿದ್ದಾರೆ. ಕೇಳೋಕೆ ಒಳ್ಳೆಯ ಮಾತು, ಹೆಂಡತಿಯನ್ನು ಒಬ್ಬಳೇ ಎದುರಿಗೆ ನಿಲ್ಲಿಸಿ ತಾನು ಬಾಗಿಲ ಹಿಂದೆ ನಿಲ್ಲುವ ಮಾತು. ಆ ಗುಂಪಿನಲ್ಲಿ ಇರುವುದು ಅವರ ಚಿಕ್ಕಪ್ಪ. "ಚಿಕ್ಕಪ್ಪ, ಸಾಕು" ಅಂತ ಎರಡು ಪದ ಬರೆಯುವುದು ಅವರ ಕೆಲಸವಾಗಿತ್ತು.

ಪತ್ರದಲ್ಲಿ ಇನ್ನೂ ಒಂದು ವಿಷಯ ನನಗೆ ವಿಚಿತ್ರ ಅನ್ನಿಸಿತು. ಎಲ್ಲರೂ ಮಾತಾಡಿದ್ದಾರೆ, ನಾದಿನಿ ಮಾತ್ರ ಇಲ್ಲ. "ಅವಳು ಗುಂಪಿನಲ್ಲಿ ಏನೂ ಬರೆದಿಲ್ಲ, ಬೇಜಾರಾಗಿರಬೇಕು" ಎಂದು ನೀವೇ ಊಹಿಸಿದ್ದೀರಿ. ನನ್ನ ಊಹೆ ಬೇರೆ. ಅವರ ಮನೆಯ ಜೀವವನ್ನೇ ಬೈಗುಳದ ಹಾಗೆ ಬಳಸಿ ನಗುತ್ತಿರುವಾಗ ಅವರು ಏನು ಬರೆಯಬೇಕಿತ್ತು? ನಿಮ್ಮ ಅಮ್ಮ ತಮ್ಮ ನಾಯಿಗೆ ಚಪಾತಿ ಹಾಕಿದ್ದನ್ನು ನಿಮ್ಮ ಹಾಗೆ ಅವರೂ ನೋಡಿದ್ದಾರೆ. ಆ ಮನೆಯಲ್ಲಿ ಗೌರಮ್ಮನವರ ನೆನಪು ಅಷ್ಟು ಚೆನ್ನಾಗಿ ಉಳಿದಿರುವುದು ನಿಮಗೆ ಬಿಟ್ಟರೆ ಬಹುಶಃ ಅವರಿಗೇ.

ಆದ್ದರಿಂದ ನಿಮ್ಮ ಕೆಲಸ ಒಂದೇ. ಇವತ್ತೇ ನಾದಿನಿಗೆ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ಮಗಳಿಗೆ ಅಮ್ಮನ ಹೆಸರಿಡುತ್ತಿದ್ದೇನೆ, ತೊಟ್ಟಿಲು ಶಾಸ್ತ್ರದ ದಿನ ಸೋದರತ್ತೆಯಾಗಿ ನೀನೇ ಬಂದು ಕಿವಿಯಲ್ಲಿ ಹೆಸರು ಹೇಳಬೇಕು ಅನ್ನಿ. ಇಡಬಹುದಾ ಅಂತ ಕೇಳಬೇಡಿ, ಅನುಮತಿ ಕೇಳುವ ವಿಷಯ ಇದಲ್ಲ. ಬಾ ಅಂತ ಕರೆಯಿರಿ. ಸೋದರತ್ತೆ ಹೆಸರು ಹೇಳಿದ ಮೇಲೆ ಯಾವ ಚಿಕ್ಕಮಾವನ ಮಾತೂ ನಡೆಯುವುದಿಲ್ಲ.

ಬರ್ತ್ ಸರ್ಟಿಫಿಕೇಟಿಗೆ ಹೆಸರು ಕೊಡುವ ಗಡುವು ಮುಗಿದುಹೋಯಿತಾ ಅಂತಲೂ ಕೇಳಿದ್ದೀರಿ. ಇಲ್ಲ. 21 ದಿನದ ಲೆಕ್ಕ ಇರುವುದು ಮಗು ಹುಟ್ಟಿದ ಸುದ್ದಿಯನ್ನು ನೋಂದಾಯಿಸುವುದಕ್ಕೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ವಿವರವನ್ನು ಆಸ್ಪತ್ರೆಯವರೇ ಕಳಿಸಿರುತ್ತಾರೆ. ಹೆಸರಿನ ಜಾಗ ಖಾಲಿ ಇದ್ದರೆ ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ಅವಕಾಶ ಇದೆ, ದುಡ್ಡು ಕಟ್ಟಬೇಕು ಅಷ್ಟೇ. ಆದರೆ ಎಳೆಯಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್‌ವರೆಗೆ ಹುಟ್ಟಿದ ದಿನಕ್ಕೆ ಈ ಕಾಗದವೇ ಆಧಾರ. ಶಾಸ್ತ್ರ ಮುಗಿದ ವಾರದಲ್ಲೇ ಗಂಡನನ್ನು ಕಳಿಸಿ. ಅವರಿಗೂ ಒಂದು ಕೆಲಸ ಬೇಕಲ್ಲ. ಸ್ಪೆಲ್ಲಿಂಗ್ ಮಾತ್ರ ನೀವೇ ಚೀಟಿಯಲ್ಲಿ ಬರೆದು ಕೊಡಿ.

ನಾದಿನಿ ನಾಯಿಯನ್ನೂ ಕರೆತರುತ್ತೇನೆ ಅಂದರೆ ಬೇಡ ಅನ್ನಬೇಡಿ. ಹಿತ್ತಲಲ್ಲಿ ನೆರಳಿರುವ ಕಡೆ ಒಂದು ಜಾಗ ನೋಡಿಡಿ. ಬರುವ ಹೆಂಗಸರಲ್ಲಿ ನಾಯಿಗೆ ಹೆದರುವವರು ಇದ್ದೇ ಇರುತ್ತಾರೆ.