ಅರಿಶಿಣದ ಕ್ಯಾಪ್ಸೂಲ್ ನಂಬಿ ಅವ್ವನ ಗುಳಿಗೆ ಬಿಡಿಸಬೇಡಿ

"ಅವ್ವಗೆ ಸಂಧಿವಾತ. ಅರಿಶಿಣದ ಕರ್ಕ್ಯುಮಿನ್ ಎನ್‌ಎಫ್-ಕಪ್ಪಾ-ಬಿಯನ್ನು ತಡೆಯುತ್ತದಂತೆ. ಡಾಕ್ಟರು ಕೊಟ್ಟ ಮೆಥೊಟ್ರೆಕ್ಸೇಟ್ ಗುಳಿಗೆ ಬಿಡಿಸಿ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಡಲೇ?" ಎಂದು ಕೇಳಿದ್ದೀರಿ. ಬೇಡ್ರಿ. ಗುಳಿಗೆ ನಿಲ್ಲಿಸಬೇಡಿ.

ನಮ್ಮದು ರಾಯಬಾಗ ಕಡೆ ಅರಿಶಿಣ ಬೆಳೆಯುವ ಮನೆ. ಗಡ್ಡೆ ಕುದಿಸಿ, ಹರವಿ ಒಣಗಿಸಿ, ಸಾಂಗ್ಲಿ ಪೇಟೆಗೆ ಒಯ್ಯುವುದನ್ನು ನೋಡುತ್ತ ಬೆಳೆದೆ. ಈಗ ಬೆಳಗಾವಿಯಲ್ಲಿ ಬಯೋಕೆಮಿಸ್ಟ್ರಿ ಕಲಿಸುತ್ತೇನೆ. ಅರಿಶಿಣದ ಮೇಲೆ ನನಗೂ ಅಭಿಮಾನವಿದೆ.

ಎನ್‌ಎಫ್-ಕಪ್ಪಾ-ಬಿ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್. 1986ರಲ್ಲಿ ರಂಜನ್ ಸೇನ್, ಡೇವಿಡ್ ಬಾಲ್ಟಿಮೋರ್ ಅದನ್ನು ಗುರುತಿಸಿದರು. ಸಾಮಾನ್ಯವಾಗಿ ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಜೀವಕೋಶದ ನ್ಯೂಕ್ಲಿಯಸ್ ಹೊರಗೇ ಕಟ್ಟಿಹಾಕಿರುತ್ತದೆ. ಸೋಂಕು ತಗುಲಿದರೆ ಐಕೆಕೆ ಎಂಬ ಕಿಣ್ವ ಐ-ಕಪ್ಪಾ-ಬಿಗೆ ಫಾಸ್ಫೇಟ್ ಅಂಟಿಸುತ್ತದೆ, ಪ್ರೋಟಿಯಾಸೋಮ್ ಎಂಬ, ಬೇಡವಾದ ಪ್ರೋಟೀನ್ ಒಡೆಯುವ ಜೀವಕೋಶದ ಯಂತ್ರ ಅದನ್ನು ಚೂರು ಮಾಡುತ್ತದೆ. ಕಟ್ಟು ಬಿಚ್ಚಿದ ಎನ್‌ಎಫ್-ಕಪ್ಪಾ-ಬಿ ಒಳಹೊಕ್ಕು ಟಿಎನ್‌ಎಫ್‌ನಂಥ ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ. ಸಂಧಿವಾತದಲ್ಲಿ ಕೀಲಿನೊಳಗೆ ಈ ಕೆಲಸ ನಿಲ್ಲುವುದೇ ಇಲ್ಲ.

ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಕರ್ಕ್ಯುಮಿನ್ ಸುರಿದರೆ ಇದು ತಗ್ಗುತ್ತದೆಂದು 1995ರಲ್ಲೇ ವರದಿಯಾಯಿತು. ನೀವು ಓದಿದ್ದು ಅದೇ ಇರಬೇಕು. ಆದರೆ ಅವ್ವನ ಮೊಳಕಾಲಿಗೆ ಅದು ಮುಟ್ಟಬೇಕಲ್ಲ! ಅರಿಶಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ಸುಮಾರು 3%. ಗ್ರಾಂಗಟ್ಟಲೆ ನುಂಗಿದರೂ ಕರುಳು ಹೀರಿಕೊಳ್ಳುವುದು ಅತ್ಯಲ್ಪ, ಹೀರಿದ್ದನ್ನೂ ಯಕೃತ್ತು ಬೇಗನೆ ಬದಲಿಸಿಬಿಡುತ್ತದೆ. ಇನ್ನೊಂದು ತೊಡಕಿದೆ, ನನ್ನ ಮಟ್ಟಿಗೆ ಇದೇ ದೊಡ್ಡದು: ಕರ್ಕ್ಯುಮಿನ್ ತಾನೇ ಹೊಳೆಯುತ್ತದೆ, ಕಂಡಕಂಡ ಪ್ರೋಟೀನಿಗೆ ಅಂಟುತ್ತದೆ. ಹಾಗಾಗಿ ಹೊಳಪು ಅಳೆಯುವ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಬರಬಹುದು. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ಈ ಅಧ್ಯಯನಗಳನ್ನು ಜಾಲಾಡಿ ಇದೇ ಎಚ್ಚರಿಕೆ ಕೊಟ್ಟರು.

ಈ ದಾರಿಗೆ ಅಡ್ಡ ಬರುವ ಔಷಧಿಗಳು ಇಲ್ಲವೆಂದಲ್ಲ. ಮಜ್ಜೆಯ ಕ್ಯಾನ್ಸರಿಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೋರ್ಟೆಜೊಮಿಬ್ ಪ್ರೋಟಿಯಾಸೋಮನ್ನೇ ತಡೆಯುತ್ತದೆ. ಆದರೆ ಸೋಂಕಿನ ವಿರುದ್ಧ ಹೋರಾಡಲೂ ಎನ್‌ಎಫ್-ಕಪ್ಪಾ-ಬಿ ಬೇಕು. ಅದನ್ನು ಪೂರ್ತಿ ಬಾಯಿ ಮುಚ್ಚಿಸಲು ಆಗದು.

ಮೆಥೊಟ್ರೆಕ್ಸೇಟ್ ಬಿಟ್ಟರೆ ಕೀಲು ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಗುಳಿಗೆಯ ಜೊತೆಗೇ ಕ್ಯಾಪ್ಸೂಲ್ ಕೊಡೋಣವೆಂದರೆ ಅದೂ ಸುಲಭದ ಮಾತಲ್ಲ. ಮೆಥೊಟ್ರೆಕ್ಸೇಟ್ ಯಕೃತ್ತಿಗೆ ಭಾರ. ಕರಿಮೆಣಸಿನ ಪೈಪರಿನ್ ಬೆರೆಸಿದ ಅರಿಶಿಣದ ಕ್ಯಾಪ್ಸೂಲ್‌ಗಳಿಂದಲೂ ಯಕೃತ್ತು ಕೆಟ್ಟ ಪ್ರಕರಣಗಳಿವೆ. ಈಗಾಗಲೇ ಕೊಡುತ್ತಿದ್ದರೆ ನಿಲ್ಲಿಸಿ, ಡಬ್ಬಿಯನ್ನೇ ಡಾಕ್ಟರಿಗೆ ತೋರಿಸಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕೇ ಕೇಳಿ. ಸಾರಿಗೆ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿಣಕ್ಕೆ ಏನೂ ಅಡ್ಡಿಯಿಲ್ಲ.